ಉಸಿರುಪಟ್ಟಿ

ಹೆರಿಗೆಯಾದ ಹೆಣ್ಣುಮಕ್ಕಳು ರಕ್ತ ಹರಿದು ಸಾಯುವುದು ಆ ಜಿಲ್ಲೆಯಲ್ಲಿ ನಿಂತುಹೋಗಿ ಮೂರು ವರ್ಷವಾಗಿತ್ತು. ಮಲಪ್ರಭೆಯ ಎರಡೂ ದಂಡೆಯ ತಾಲೂಕುಗಳನ್ನು ಕೂಡಿಸಿ ಹೊಸದಾಗಿ ಮಾಡಿದ ಜಿಲ್ಲೆ. ಕಲ್ಲು ಹೆಚ್ಚು, ನೆರಳು ಕಡಿಮೆ, ಆಸ್ಪತ್ರೆಗಳು ದೂರ. ಅಂಥ ಕಡೆ ಬಾಣಂತಿಯ ಸಾವು ಬೇಸಿಗೆ ಬಂದಷ್ಟೇ ಸಹಜವಾಗಿ ಬಂದುಹೋಗುತ್ತಿತ್ತು. ಅದು ನಿಂತದ್ದು ಶಿವನ ದಯೆ ಎಂದು ಹಿರಿಯರು ಅಂದರು, ಪಟ್ಟಿಯ ಗುಣ ಎಂದು ಸರಕಾರ ಅಂದಿತು. ಕಲ್ಲಗುಡ್ಡದ ನೇಕಾರರ ಓಣಿಯ ಸಂಗವ್ವನಿಗೆ ಇವೆರಡೂ ಬೇರೆ ಬೇರೆ ಮಾತಾಗಿ ಕೇಳುತ್ತಿರಲಿಲ್ಲ. ಆ ಪಟ್ಟಿಯನ್ನು ಮಾಡಿದವರಲ್ಲಿ ಅವಳ ಹಿರಿಮಗಳು ಸುಗಲಾ ಒಬ್ಬಳು.

ಪಟ್ಟಿ ಎಂದರೆ ಎರಡು ಅಂಗೈ ಅಗಲದ, ಬೂದು ಬಣ್ಣದ ಮೆತ್ತನೆಯ ರಬ್ಬರು. ಒಳಗೆ ಗಾಳಿ ತುಂಬಿಕೊಳ್ಳುವ ಪುಟ್ಟ ಪುಟ್ಟ ಚೀಲಗಳು, ಮೇಲೊಂದು ದೀಪ. ಹೆರಿಗೆಯಾದ ಕೂಡಲೇ ಬಾಣಂತಿಯ ಹೊಟ್ಟೆಗೆ ಸುತ್ತಿದರೆ ಹತ್ತು ದಿನ ಅದು ಕಾವಲು ಕೂರುತ್ತಿತ್ತು. ಗರ್ಭಕೋಶ ಬಿಗಿಯದೆ ಸಡಿಲಾಗಿ ರಕ್ತ ಒಸರತೊಡಗಿದರೆ ಅದಕ್ಕೆ ತಿಳಿಯುತ್ತಿತ್ತು. ತಿಳಿದೊಡನೆ ಚೀಲಗಳಿಗೆ ಗಾಳಿ ತುಂಬಿ, ಅನುಭವಸ್ಥ ಸೂಲಗಿತ್ತಿ ಅಂಗೈ ಊರಿ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಿತ್ತು. ಒತ್ತಡ ಮಿತಿ ಮೀರಿದರೆ ತಾನಾಗಿಯೇ ‘ಉಸ್’ ಎಂದು ಗಾಳಿ ಬಿಡುತ್ತಿತ್ತು. ಸರಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ಜನ ಮಾತ್ರ ಉಸಿರುಪಟ್ಟಿ ಎಂದರು. ಕೆಲವು ಮನೆಗಳಲ್ಲಿ ಕಟ್ಟುವ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು.

ಸುಗಲಾಳಿಗೆ ಈ ಕೆಲಸದ ಹುಚ್ಚು ಹಿಡಿದದ್ದು ಪುಸ್ತಕದಿಂದಲ್ಲ. ಸಂಗವ್ವನ ತಂಗಿ, ಅಂದರೆ ಸುಗಲಾಳ ಚಿಗವ್ವ, ಹೆತ್ತ ಮರುಗಳಿಗೆಯಲ್ಲೇ ರಕ್ತ ಹರಿದು ಟೆಂಪೋದಲ್ಲಿ ಸತ್ತಿದ್ದಳು. ಮಡಿಲಲ್ಲಿ ತಲೆ ಇಟ್ಟುಕೊಂಡು ಕೂತಿದ್ದವಳು ಸಂಗವ್ವ. ‘ಹೊಟ್ಟಿ ಯಾರೂ ಬಿಗಿದು ಹಿಡೀಲಿಲ್ಲ’ ಎಂದು ಆಮೇಲೆ ವರ್ಷಗಟ್ಟಲೆ ಅಂದುಕೊಳ್ಳುತ್ತಿದ್ದಳು. ಆ ಮಾತನ್ನು ಕೇಳುತ್ತಲೇ ಬೆಳೆದ ಸುಗಲಾ ಬಿಗಿದು ಹಿಡಿಯುವ ಯಂತ್ರವನ್ನೇ ಮಾಡಿದಳು.

ಆದರೆ ಆ ಸೀಮೆಯ ತಾಯಂದಿರಿಗೆ ಬಾಣಂತಿಯ ಹೊಟ್ಟೆ ಕಟ್ಟುವುದು ಹೊಸತಲ್ಲ. ಎರೆದುಕೊಂಡು ಬಂದ ಬಾಣಂತಿಯನ್ನು ಅಂಗಾತ ಮಲಗಿಸಿ, ಹಳೆಯ ಸೀರೆಯ ಉದ್ದನೆಯ ಸೀಳನ್ನು ಸೊಂಟದಿಂದ ಎದೆಗೂಡಿನ ತನಕ ಸುತ್ತು ಸುತ್ತಾಗಿ ಬಿಗಿಯುತ್ತಾರೆ. ಹೊಟ್ಟೆ ಬೀಳಬಾರದು, ವಾಯು ತುಂಬಬಾರದು, ನಡ ಗಟ್ಟಿಯಾಗಬೇಕು. ಪಟ್ಟಿ ಬಂದ ಮೇಲೆ ಬಟ್ಟೆ ಬೇಕಾಗುವುದಿಲ್ಲ ಎಂದು ಸುಗಲಾಳ ತಂಡ ಊರೂರಿಗೆ ಹೋಗಿ ಹೇಳಿತ್ತು. ತಾಯಂದಿರು ತಲೆಯಾಡಿಸಿ ಕೇಳಿದರು, ಪಟ್ಟಿಯನ್ನು ಕಟ್ಟಿಸಿಕೊಂಡರು, ಅದರ ಮೇಲೆ ಬಟ್ಟೆಯನ್ನೂ ಕಟ್ಟಿದರು. ಪಟ್ಟಿ ಸರಕಾರದ್ದು, ಬಟ್ಟೆ ತವರಿನದು.

ಬಟ್ಟೆ ಬಿಗಿದಂತೆಲ್ಲ ಪಟ್ಟಿ ಉಸ್ಸೆನ್ನುತ್ತಿತ್ತು. ಇನ್ನಷ್ಟು ಎಳೆದರೆ ಇನ್ನಷ್ಟು ಉಸ್. ಕಡೆಗೆ ಒಮ್ಮೆ ಸುಮ್ಮನಾಗಿ, ದೀಪ ಅಲುಗದೆ ಹಸಿರಾಗಿ ನಿಲ್ಲುತ್ತಿತ್ತು. ಯಾವ ಊರಿನ ಯಾವ ಹಿರಿಯಳು ಮೊದಲು ಹೇಳಿದಳೋ, ಓಣಿಯಿಂದ ಓಣಿಗೆ ಮಾತು ಹರಡಿತು: ಪಟ್ಟಿ ಉಸಿರು ಬಿಡುತ್ತಿರುವ ತನಕ ಬಿಗಿ ಸಾಲದು, ಸುಮ್ಮನಾದರೆ ಒಪ್ಪಿಕೊಂಡಿತು ಎಂದು ಅರ್ಥ. ಹೀಗೆ ಪಟ್ಟಿಯ ಮೌನ ಅವರ ಕೈಗಳಿಗೆ ಅಳತೆಯಾಯಿತು.

ಸುಗಲಾಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಮೇಲೊಂದು ಬಟ್ಟೆ ಸುತ್ತುತ್ತಾರೆಂದು ಕೇಳಿದ್ದಳು. ಕೇಳಿ, ಬಿಡಲಿ, ಹಿರಿಯರ ಸಮಾಧಾನ, ಬಿಗಿಯಾದರೆ ಪಟ್ಟಿಯೇ ಗಾಳಿ ಬಿಟ್ಟು ಸರಿಮಾಡಿಕೊಳ್ಳುತ್ತದೆ ಎಂದುಕೊಂಡಿದ್ದಳು.

*

ಜಿಲ್ಲಾ ಕೇಂದ್ರದ ನಿಗಾ ಕೋಣೆಯಲ್ಲಿ ಒಂದು ಗೋಡೆಯ ತುಂಬ ಪರದೆ. ಪಟ್ಟಿ ಕಟ್ಟಿದ ಪ್ರತಿ ಬಾಣಂತಿಗೂ ಅದರ ಮೇಲೊಂದು ದೀಪ. ಹಳದಿಯಾದರೆ ನರ್ಸು ಫೋನು ಮಾಡಬೇಕು, ಕೆಂಪಾದರೆ ಆಂಬುಲೆನ್ಸು ಹೊರಡಬೇಕು. ಹಸಿರಾಗಿದ್ದರೆ ಯಾರೂ ನೋಡಬೇಕಿಲ್ಲ. ಸುಗಲಾ ಆ ಕೋಣೆಯ ಮುಖ್ಯಸ್ಥೆ. ಅವಳ ಕೈಕೆಳಗೆ ವಹೀದಾ ಎಂಬ ನರ್ಸು, ಮೇಲುಸ್ತುವಾರಿಗೆ ಡಾಕ್ಟರ್ ದಸ್ತಗೀರ ಇನಾಮದಾರ. ಇನಾಮದಾರರು ವಯಸ್ಸಾದವರು, ಮೆಲುದನಿಯವರು. ಅರ್ಧ ದಿನ ಇಲ್ಲಿ, ಅರ್ಧ ದಿನ ಡಯಾಲಿಸಿಸ್ ವಾರ್ಡಿನಲ್ಲಿ.

ಅವರು ಒಂದು ವರ್ಷದಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದರು. ಹೊಸ ಬಾಣಂತಿಯರು ಮೂತ್ರಪಿಂಡ ಸೋತು ತಮ್ಮ ವಾರ್ಡಿಗೆ ಯಾಕೆ ಬರುತ್ತಿದ್ದಾರೆ? ಮೊದಲು ಅಪರೂಪಕ್ಕೊಬ್ಬಳು ಬರುತ್ತಿದ್ದಳು, ಈಗ ಹಾಸಿಗೆ ಸಾಲುತ್ತಿಲ್ಲ. ಹಳ್ಳಿಯ ನೀರು, ನೋವಿನ ಗುಳಿಗೆ, ನಂಜು, ಹೀಗೆ ನೂರು ಕಾರಣಗಳನ್ನು ಸಭೆಗಳಲ್ಲಿ ಚರ್ಚಿಸಿದ್ದರು. ಪಟ್ಟಿಯ ಮೇಲೆ ಸಂಶಯ ಬಂದಾಗಲೆಲ್ಲ ಸುಗಲಾ ಹಳೆಯ ದಾಖಲೆ ತೆಗೆದು ತೋರಿಸುತ್ತಿದ್ದಳು. ಆ ಹೆಣ್ಣುಮಕ್ಕಳ ದೀಪ ಹತ್ತು ದಿನವೂ ಹಸಿರಾಗಿತ್ತು; ಒಮ್ಮೆಯೂ ಹಳದಿಯಾಗಿರಲಿಲ್ಲ. ಇನಾಮದಾರರು ಕನ್ನಡಕ ಒರೆಸಿಕೊಂಡು ತಮ್ಮ ವಾರ್ಡಿಗೆ ಮರಳುತ್ತಿದ್ದರು.

ಕಸ್ತೂರಿ ಹೆತ್ತದ್ದು ಆ ಬೇಸಿಗೆಯಲ್ಲಿ. ಸುಗಲಾಳಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಚೊಚ್ಚಲು. ಗಂಡನ ಊರು ಹುನಗುಂದದಿಂದ ಏಳನೇ ತಿಂಗಳಲ್ಲೇ ತವರಿಗೆ ಬಂದಿದ್ದಳು. ಹೆಣ್ಣುಕೂಸು. ತಾಲೂಕು ಆಸ್ಪತ್ರೆಯಲ್ಲಿ ಸಲೀಸಾಗಿ ಹೆರಿಗೆಯಾಗಿ, ಪಟ್ಟಿ ಕಟ್ಟಿಸಿಕೊಂಡು ಮರುದಿನವೇ ಮನೆಗೆ ಬಂದಳು. ಸಂಗವ್ವ ನಡುಮನೆಯ ಮಗ್ಗವನ್ನು ಬಿಡಿಸಿ ಬಾಣಂತಿಗೆ ಜಾಗ ಮಾಡಿದ್ದಳು. ಹೊರಸು, ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಬಾಗಿಲಿಗೆ ಕೌದಿಯ ಪರದೆ. ಅಂಟಿನುಂಡಿ, ಆಳ್ವಿ ಪಾಯಸ, ಎಲೆ ಅಡಿಕೆ. ನೀರು ಮಾತ್ರ ಅಳತೆಯದು. ಬಾಣಂತಿ ನೀರು ಕುಡಿದರೆ ಕೂಸಿಗೆ ನೆಗಡಿ.

ಸಂಗವ್ವನದು ನಲವತ್ತು ವರ್ಷ ಖಣ ನೇಯ್ದ ಕೈ. ಹಾಸಿನ ಒಂದು ಎಳೆ ಸಡಿಲಿದ್ದರೆ ಕತ್ತಲಲ್ಲೂ ಬೆರಳಿಗೆ ತಿಳಿಯುತ್ತಿತ್ತು. ಆ ಕೈಯಿಂದ ಅವಳು ಚಿಕ್ಕಮಗಳ ಹೊಟ್ಟೆ ಕಟ್ಟಿದಳು. ತನ್ನ ತಂಗಿಗೆ ಯಾರೂ ಕಟ್ಟದ್ದನ್ನು ಮಗಳಿಗೆ ಕಟ್ಟಿದಳು. ಪಟ್ಟಿಯ ಉಸಿರು ನಿಂತ ಮೇಲೂ, ಎಲ್ಲರಿಗಿಂತ ಒಂದು ಸುತ್ತು ಹೆಚ್ಚಿಗೆ.

ಐದನೆಯ ದಿನ ಸೆಟಗೆವ್ವನ ಪೂಜೆ. ಕೂಸಿನ ಹಣೆಬರಹ ಬರೆಯಲು ಆ ದೇವಿ ಬರುವ ದಿನವೆಂದು ಓಣಿಯ ಹೆಂಗಸರೆಲ್ಲ ಸಂಭ್ರಮದಲ್ಲಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಟ ಸುಗಲಾ ಪರದೆ ಸರಿಸಿ ತಂಗಿಯನ್ನು ನೋಡಲು ಬಂದಳು. ಕಸ್ತೂರಿ ಗೋಡೆಗೆ ಒರಗಿ ಕೂತೇ ಇದ್ದಳು. ಮುಖ ಊದಿದ ಹಾಗಿತ್ತು, ತುಟಿ ಒಣಗಿತ್ತು. ಊದಿದ ಪಾದದ ಮೇಲೆ ಕಾಲ್ಗೆಜ್ಜೆ ಕಚ್ಚಿಕೊಂಡು ಗುರುತು ಮೂಡಿತ್ತು.

“ಅಕ್ಕಾ, ಮಲಗಾಕ ಆಗವಲ್ದು. ಮಲಗಿದ್ರ ಉಸಿರು ಎದಿಗೆ ಬಂದು ನಿಂದರತೈತಿ” ಎಂದಳು. ಆಮೇಲೆ ದನಿ ತಗ್ಗಿಸಿ, “ನಿನ್ನಿ ಮುಂಜಾನಿಂದ ಒಂದಕ್ಕೂ ಆಗಿಲ್ಲ” ಎಂದಳು.

ಒಳಗಿನಿಂದ ಸಂಗವ್ವನಿಗೆ ಕೇಳಿಸಿತು. ನೀರು ಕುಡಿಯದವರಿಗೆ ಒಂದಕ್ಕೆ ಎಲ್ಲಿಂದ ಬರುತ್ತದೆ, ಬಾಣಂತಿ ಮೈ ಇರುವುದೇ ಹಾಗೆ, ನಿಮ್ಮನ್ನು ಹೆತ್ತಾಗ ನನಗೂ ಹಾಗೇ ಆಗಿತ್ತು ಎಂದು ಹೇಳುತ್ತಲೇ ಬಂದಳು. ಕಸ್ತೂರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇಕಿ ಬಿಗಿಯೂದು ನೋಡಿದ್ರ, ನನ್ನ ಹೊಟ್ಟಿ ಮ್ಯಾಲ ಖಣ ನೇಯಾಕಿ ಅದಾಳ ಅನಸ್ತೈತಿ” ಎಂದಳು.

“ನೇಯತೀನಿ ತಡಿ. ನಿನ್ನ ಅತ್ತಿ ಮನಿಯವ್ರು ಬಂದು ನೋಡಿದ್ರ, ಹೆತ್ತಾಳೋ ಇಲ್ಲೋ ಅನ್ನಬೇಕು” ಎಂದಳು ಸಂಗವ್ವ.

ಸುಗಲಾ ಬಗ್ಗಿ ಸೀರೆಯ ಸಂದಿನಿಂದ ದೀಪ ನೋಡಿದಳು. ಹಸಿರು. ಮಗ್ಗುಲಲ್ಲಿದ್ದ ಹಿತ್ತಾಳೆಯ ತಂಬಿಗೆಯನ್ನು ತಂಗಿಯ ಕಡೆ ಸರಿಸಿ, ಅವ್ವನಿಗೆ ಕಾಣದಂತೆ ನಾಲ್ಕು ಗುಟುಕು ಕುಡಿ ಎಂದು ಸನ್ನೆ ಮಾಡಿ ಬಸ್ಸಿಗೆ ಹೊರಟಳು.

*

ಬಸ್ಸಿನಲ್ಲಿ ಕೂತಾಗ ಅವಳಿಗೆ ನೆಮ್ಮದಿ ಇರಲಿಲ್ಲ. ದೀಪ ಹಸಿರು, ಆದರೂ ಕಾಲಿನ ಗೆಜ್ಜೆ ಕಣ್ಣಿಗೆ ಕಟ್ಟಿತ್ತು. ನಿಗಾ ಕೋಣೆಗೆ ಬಂದವಳೇ ಎಂದೂ ಮಾಡದ ಕೆಲಸ ಮಾಡಿದಳು: ಹಸಿರು ದೀಪವೊಂದನ್ನು ತೆರೆದು ಅದರ ಹಿಂದಿನ ಗೆರೆಯನ್ನು ನೋಡಿದಳು.

ಪಟ್ಟಿಯ ಚೀಲಗಳಲ್ಲಿನ ಗಾಳಿಯ ಒತ್ತಡ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ಬಾಣಂತಿ ಉಸಿರೆಳೆದಾಗ ಹೊಟ್ಟೆ ಉಬ್ಬುತ್ತದೆ, ಗೆರೆ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಕೆರೆಯ ನೀರಿನ ಮೇಲೆ ಸಣ್ಣ ಅಲೆ ಸಾಗಿದ ಹಾಗೆ. ಕಸ್ತೂರಿಯ ಗೆರೆಯಲ್ಲಿ ಅಲೆ ಇರಲಿಲ್ಲ. ನೂಲು ಎಳೆದು ಕಟ್ಟಿದಂತೆ ನೇರವಾಗಿತ್ತು. ಮೊದಲನೆಯ ದಿನ ಆಸ್ಪತ್ರೆಯಲ್ಲಿ ಅಲೆ ಇತ್ತು. ಎರಡನೆಯ ದಿನ, ಮನೆಗೆ ಬಂದ ಮೇಲೆ ಅವ್ವ ಎರೆದು ಹೊಟ್ಟೆ ಕಟ್ಟುವ ಹೊತ್ತಿಗೆ, ಗೆರೆ ನಾಲ್ಕಾರು ಸಲ ಎದ್ದು ಬಿದ್ದು ಆಮೇಲೆ ಅಲುಗಿರಲಿಲ್ಲ. ಇಂಥ ಗೆರೆಗೆ ‘ಬಾಣಂತಿ ವಿಶ್ರಾಂತಿಯಲ್ಲಿದ್ದಾಳೆ’ ಎಂದು ಹಸಿರು ಕೊಡಲು ಯಂತ್ರಕ್ಕೆ ಕಲಿಸಿದವಳು ತಾನೇ.

ಕೋಣೆಯ ಕಪಾಟಿನಲ್ಲಿ ಒಂದು ಹೊಸ ಪಟ್ಟಿ ಇತ್ತು. ಅದನ್ನು ತನ್ನ ಹೊಟ್ಟೆಗೆ ಸುತ್ತಿಕೊಂಡು ವಹೀದಾಳನ್ನು ಕರೆದಳು. ನಿನ್ನ ದುಪಟ್ಟಾ ಇದರ ಮೇಲೆ ಬಿಗಿ, ನಿಮ್ಮ ಮನೆಯಲ್ಲಿ ಬಾಣಂತಿಗೆ ಹೇಗೆ ಕಟ್ಟುತ್ತಾರೋ ಹಾಗೇ ಬಿಗಿ ಎಂದಳು. ವಹೀದಾಳಿಗೆ ಕಲಿಸಬೇಕಾಗಿರಲಿಲ್ಲ. ಮೊಣಕಾಲು ಕೊಟ್ಟು ಎಳೆದಳು. ಪಟ್ಟಿ ಉಸ್ಸೆಂದಿತು. ಮತ್ತೆ ಎಳೆದಳು, ಮತ್ತೆ ಉಸ್. ಕಡೆಗೆ ಸುಮ್ಮನಾಯಿತು, ದೀಪ ಹಸಿರಾಯಿತು. ವಹೀದಾ ಕೈ ಬಿಟ್ಟು, ಇಷ್ಟಾದರೆ ಸರಿ ಎಂದಳು.

ಸುಗಲಾಳಿಗೆ ಅರ್ಧ ಉಸಿರಷ್ಟೇ ಒಳಗೆ ಹೋಗುತ್ತಿತ್ತು. ಪಟ್ಟಿಯೊಳಗೆ ಈಗ ಗಾಳಿಯೇ ಇರಲಿಲ್ಲ. ಬಟ್ಟೆ ಒತ್ತಿದಂತೆಲ್ಲ ಅದು ತನ್ನ ಗಾಳಿಯನ್ನು ಬಿಟ್ಟುಕೊಟ್ಟು ಬರಿ ಚರ್ಮದಂತೆ ಚಪ್ಪಟೆಯಾಗಿತ್ತು. ಬರಿದಾದ ಚೀಲ ಏನನ್ನು ಅಳೆಯಬಲ್ಲದು? ತನ್ನೊಳಗೆ ಒತ್ತಡವಿಲ್ಲ ಎಂದು ಹೇಳುತ್ತಿತ್ತು, ಅಷ್ಟೇ. ಹೊಟ್ಟೆಯೊಳಗೆ ಎಷ್ಟಿದೆಯೆಂದು ಅದು ಹೇಳುತ್ತಿರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲೂ ಇಲ್ಲ.

ಮಿಕ್ಕದ್ದು ಅವಳಿಗೆ ಗೊತ್ತಿದ್ದ ಪಾಠವೇ. ಹೊಟ್ಟೆ ಒಂದು ಮುಚ್ಚಿದ ಕೋಣೆ. ಹೃದಯ ರಕ್ತವನ್ನು ಒಳಗೆ ತಳ್ಳುತ್ತದೆ, ಕೋಣೆ ಎದುರು ತಳ್ಳುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಉಳಿದದ್ದಷ್ಟೇ ಮೂತ್ರಪಿಂಡದ ಪಾಲು, ಕರುಳಿನ ಪಾಲು, ಯಕೃತ್ತಿನ ಪಾಲು. ನೀರಿಲ್ಲದೆ ಒಣಗಿದ, ಕೆಂಡದ ಮೇಲೆ ಬೆವರಿದ ಮೈಯಲ್ಲಿ ಹೃದಯದ ಬಲ ಮೊದಲೇ ಕಡಿಮೆ. ಎದುರು ಬಲ ಏರುತ್ತ ಹೋದರೆ ಪಾಲು ಕುಗ್ಗುತ್ತ ಹೋಗುತ್ತದೆ. ಮೊದಲು ಮೂತ್ರ ನಿಲ್ಲುತ್ತದೆ. ಕಾಲಿನ ರಕ್ತ ಮೇಲೇರಲಾರದೆ ಪಾದಗಳು ಊದುತ್ತವೆ. ಹೊಟ್ಟೆಗೂ ಎದೆಗೂ ನಡುವಿನ ಉಸಿರಿನ ಪೊರೆ ಮೇಲಕ್ಕೆ ದಬ್ಬಿಸಿಕೊಂಡು ಪುಪ್ಪುಸಕ್ಕೆ ಜಾಗ ಸಾಲದಾಗುತ್ತದೆ. ಪ್ರಾಣವಾಯು ಸಿಗದ ಕರುಳು ಸತ್ತಂತೆ ಬಿದ್ದುಕೊಂಡು ಉಬ್ಬುತ್ತದೆ. ಉಬ್ಬಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಮನೆಯವರ ಕಣ್ಣಿಗೆ ಇದೆಲ್ಲ ಬಾಣಂತನವೇ. ನೀರು ಕುಡಿಯದ್ದಕ್ಕೆ ಮೂತ್ರವಿಲ್ಲ, ಹೊಟ್ಟೆ ಉಬ್ಬಿದ್ದು ವಾಯು, ವಾಯುವಿಗೆ ಮದ್ದು ಇನ್ನೊಂದು ಸುತ್ತು ಬಿಗಿ.

ದುಪಟ್ಟಾವನ್ನು ಬಿಚ್ಚಿಕೊಳ್ಳುವ ಮೊದಲೇ ಅವಳು ಮನೆಗೆ ಫೋನು ಹಚ್ಚಿದಳು.

“ಅವ್ವಾ, ಕಸ್ತೂರಿ ಹೊಟ್ಟಿ ಬಿಚ್ಚು. ಈಗಿಂದೀಗ.”

ಪೂಜೆಯ ಹೆಂಗಸರ ಗದ್ದಲದ ನಡುವೆ ಸಂಗವ್ವ, ಇವತ್ತು ಐದನೆಯ ದಿನ, ಸೆಟಗೆವ್ವ ಬರುವ ಹೊತ್ತಿನಲ್ಲಿ ಯಾರಾದರೂ ಬಿಚ್ಚುತ್ತಾರೇನು ಎಂದಳು.

“ಬಿಚ್ಚಂದ್ರ ಬಿಚ್ಚವ್ವಾ. ಅಕಿ ಸಾಯಾಕತ್ಯಾಳ. ಗಂಟು ಬರಲಿಲ್ಲಂದ್ರ ಕತ್ತರಿ ಹಾಕು, ಎಲ್ಲಾ ಒಮ್ಮಿಗೇ ಕತ್ತರಿಸಿಬಿಡು.”

ಸಂಗವ್ವ ಫೋನನ್ನು ಹೊರಸಿನ ಮೇಲೆ ಇಟ್ಟಳೆಂದು ಕಾಣುತ್ತದೆ. ಕೌದಿ ಸರಿದದ್ದು, ಯಾರೋ ಕತ್ತರಿ ತರಲು ಓಡಿದ್ದು, ಎಲ್ಲ ಕೇಳಿಸುತ್ತಿತ್ತು. ಅದೇ ಹೊತ್ತಿಗೆ ಇನಾಮದಾರರು ಬಾಗಿಲಲ್ಲಿ ಬಂದು ನಿಂತರು. ಸುಗಲಾಳ ಹೊಟ್ಟೆಯ ಪಟ್ಟಿ, ಮೇಲಿನ ದುಪಟ್ಟಾ, ಪರದೆಯ ಮೇಲಿನ ನೇರ ಗೆರೆ, ಇಷ್ಟನ್ನೂ ಒಂದೇ ನೋಟದಲ್ಲಿ ಕಂಡರು. ವರ್ಷದಿಂದ ಹುಡುಕುತ್ತಿದ್ದುದು ಎದುರಿಗಿದ್ದರೂ ಅವರ ಮುಖದಲ್ಲಿ ಹೆದರಿಕೆಯಷ್ಟೇ ಮೂಡಿತು.

“ಎಷ್ಟ ದಿನ ಆತು ಕಟ್ಟಿ?”

“ಮೂರು ದಿನಾತ್ರಿ.”

“ಒಮ್ಮಿಗೇ ಬಿಚ್ಚಬ್ಯಾಡಂತ ಹೇಳು. ಮೊದಲ ಸಲೈನ್ ಹಚ್ಚಬೇಕು. ಹೇಳು ಲಗೂನ.”

ಸುಗಲಾ ಫೋನಿನಲ್ಲಿ ಅವ್ವನನ್ನು ಕೂಗಿದಳು. ಹೊರಸಿನ ಮೇಲೆ ಬಿದ್ದಿದ್ದ ಫೋನಿಗೆ ಯಾರೂ ಕಿವಿ ಕೊಡಲಿಲ್ಲ. ಬಟ್ಟೆ ಹರಿದ ಸದ್ದು ಬಂತು, ಗಟ್ಟಿಯಾದ ನೇಯ್ಗೆ ಹರಿಯುವಾಗ ಬರುವ ಉದ್ದನೆಯ ಸದ್ದು. ಅದರ ಹಿಂದೆಯೇ ಕಸ್ತೂರಿಯ ದನಿ, ನಿದ್ದೆಗೆ ಜಾರುವವರ ದನಿಯಂತೆ ಮೆತ್ತಗೆ.

“ಈಗ ಹಗುರಾತು ಯವ್ವಾ.”

ಆಮೇಲೆ ಸಂಗವ್ವ ಮಗಳ ಹೆಸರು ಹಿಡಿದು ಕರೆಯತೊಡಗಿದಳು. ಮೊದಲು ಸಾಧಾರಣವಾಗಿ, ಊಟಕ್ಕೆ ಕರೆದ ಹಾಗೆ. ಕರೆಯುತ್ತಲೇ ಇದ್ದಳು.

*

ಆಂಬುಲೆನ್ಸು ತಲುಪಿದಾಗ ಮಾಡುವುದೇನೂ ಉಳಿದಿರಲಿಲ್ಲ. ಇನಾಮದಾರರು ಸುಗಲಾಳ ಎದುರು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ವಿವರಿಸದೆ ಬೇರೆ ದಾರಿ ಇರಲಿಲ್ಲ. ಮೂರು ದಿನ ರಕ್ತ ಸರಿಯಾಗಿ ಸಿಗದ ಅಂಗಗಳಲ್ಲಿ ಆಮ್ಲ ಕಟ್ಟಿಕೊಳ್ಳುತ್ತದೆ, ಸಾಯುತ್ತಿರುವ ಜೀವಕೋಶಗಳು ಪೊಟ್ಯಾಶಿಯಂ ಬಿಡುತ್ತವೆ. ಕಟ್ಟು ಇರುವ ತನಕ ಅವು ಅಲ್ಲೇ ಕಟ್ಟುಬಿದ್ದಿರುತ್ತವೆ. ಒಮ್ಮೆಲೇ ಬಿಚ್ಚಿದರೆ ಅಷ್ಟೂ ಒಂದೇ ಸಲಕ್ಕೆ ಹೃದಯಕ್ಕೆ ನುಗ್ಗುತ್ತವೆ. ಅದೇ ಹೊತ್ತಿನಲ್ಲಿ, ಹಿಸುಕಿಸಿಕೊಂಡಿದ್ದ ಹೊಟ್ಟೆಯ ನಾಳಗಳು ಬಾಯಿ ತೆರೆದು ಮೈಯ ರಕ್ತವನ್ನೆಲ್ಲ ಹೀರಿಕೊಳ್ಳುತ್ತವೆ, ಒತ್ತಡ ಕುಸಿಯುತ್ತದೆ. ಹೃದಯ ನಿಲ್ಲುತ್ತದೆ. ಹಗುರಾದ ಹಾಗೆ ಅನ್ನಿಸುವುದು ನಿಜವೇ ಎಂದರು.

ಸುಗಲಾ ಕೇಳಿಸಿಕೊಂಡಳು. ಅಳು ಬರಲಿಲ್ಲ. ಕಣ್ಣು ಗೋಡೆಯ ಮೇಲಿತ್ತು. ಅವಳು ಅಲುಗದ ಗೆರೆಗಳನ್ನಷ್ಟೇ ಬೇರ್ಪಡಿಸಿ ತೋರಿಸೆಂದು ಯಂತ್ರಕ್ಕೆ ಹೇಳಿದಳು. ಕಸ್ತೂರಿಯದನ್ನು ಬಿಟ್ಟರೆ ಜಿಲ್ಲೆಯ ಉದ್ದಗಲಕ್ಕೂ ನಲವತ್ತೊಂದು ದೀಪಗಳು ಉಳಿದವು. ಎಲ್ಲವೂ ಹಸಿರು.

ಇನಾಮದಾರರು, ಗಾಡಿ ಸಿದ್ಧವಿದೆ, ನೀನು ಮನೆಗೆ ಹೋಗು, ಇದನ್ನು ನಾವು ನೋಡುತ್ತೇವೆ ಎಂದರು. ಹೋಗಬೇಕೆಂದು ಅವಳ ಮೈಯ ಒಂದೊಂದು ಎಲುಬೂ ಹೇಳುತ್ತಿತ್ತು. ಆದರೆ ಪಟ್ಟಿಗೆ ಅದರ ನಿಯಮ ಮೀರಿ ಆಜ್ಞೆ ಕೊಡುವುದು ಅವಳೊಬ್ಬಳಿಗೇ ಗೊತ್ತಿತ್ತು. ಬಟ್ಟೆ ಒಂದು ಸುತ್ತು ಸಡಿಲಿಸಿದಷ್ಟೂ ಪಟ್ಟಿ ಗಾಳಿ ತುಂಬಿಕೊಂಡು ಅದೇ ಒತ್ತಡವನ್ನು ತಾನು ಹಿಡಿದುಕೊಳ್ಳಬೇಕು. ಬಟ್ಟೆ ಪೂರ್ತಿ ಬಿಚ್ಚಿದ ಮೇಲೂ ಹೊಟ್ಟೆಗೆ ಅದು ಗೊತ್ತಾಗಬಾರದು. ಆಮೇಲೆ ನರ್ಸು ಸಲೈನ್ ಏರಿಸುತ್ತ ಕೂತಿರುವಾಗ ಪಟ್ಟಿಯ ಗಾಳಿಯನ್ನು ಗುಟುಕು ಗುಟುಕಾಗಿ ಬಿಡಬೇಕು. ಒಂದೊಂದು ಹೊಟ್ಟೆಯದು ಒಂದೊಂದು ಲೆಕ್ಕ. ಅವಳು ಎದ್ದವಳು ಮತ್ತೆ ಕೂತಳು.

ತಾಲೂಕಿನ ನರ್ಸುಗಳು ಬೈಕು, ಜೀಪು, ಸಿಕ್ಕ ಸಿಕ್ಕ ಗಾಡಿ ಹತ್ತಿ ಹೊರಟರು. ವಹೀದಾ ಮನೆ ಮನೆಗೆ ಫೋನು ಹಚ್ಚಿಕೊಟ್ಟಳು. ಸುಗಲಾ ಮಾತಾಡಿದಳು. ಕತ್ತರಿ ಮುಟ್ಟಬೇಡಿ, ಗಂಟು ಬಿಚ್ಚಿ, ತುದಿಯನ್ನು ಕೈಯಲ್ಲೇ ಹಿಡಿದುಕೊಳ್ಳಿ, ಒಂದು ಸುತ್ತು ಬಿಚ್ಚಿ, ನಿಲ್ಲಿ, ಪಟ್ಟಿ ಉಬ್ಬುವುದು ಬೆರಳಿಗೆ ತಿಳಿಯುತ್ತದೆ, ಅದು ನಿಂತ ಮೇಲೆ ಇನ್ನೊಂದು ಸುತ್ತು. ಮಧ್ಯಾಹ್ನ ಸರಿದು ಸಂಜೆಯಾಗುವ ತನಕ ಅದೇ ಮಾತು, ಅದೇ ದನಿ. ಮನೆ ಮಾತ್ರ ಬೇರೆ ಬೇರೆ. ಕೆಲವರು ಅತ್ತರು, ಕೆಲವರು ಬೈದರು. ಯಾರೂ ಸುಮ್ಮನೆ ಒಪ್ಪಲಿಲ್ಲ.

ಹೊಳೆಯಾಚೆಯ ಹಳ್ಳಿಯೊಂದರ ತಿಪ್ಪವ್ವನೆಂಬ ಮುದುಕಿ ಮೊಮ್ಮಗಳ ಕಟ್ಟು ಬಿಚ್ಚುವುದಿಲ್ಲವೆಂದೇ ಕೂತಳು. ಕಟ್ಟಿರಿ ಎಂದು ಪಟ್ಟಿ ತಂದುಕೊಟ್ಟವರೂ ನೀವೇ, ಬಿಚ್ಚಿರಿ ಎನ್ನುವವರೂ ನೀವೇ; ಇವತ್ತೊಂದು ಹೇಳುತ್ತೀರಿ, ನಾಳೆ ಒಂದು ಹೇಳುತ್ತೀರಿ, ನಮ್ಮ ಹುಡುಗಿಯರು ಏನು ನಿಮ್ಮ ಪರೀಕ್ಷೆಯ ಮೊಲಗಳೇ ಎಂದು ಕೇಳಿದಳು. ಬಾಗಿಲಿಗೆ ಬಂದ ನರ್ಸನ್ನು ಒಳಗೇ ಬಿಟ್ಟಿರಲಿಲ್ಲ.

“ನಮ್ಮ ಹುಡಿಗೀ ದೀಪ ಹಸರ ಐತಿ. ಕಣ್ಣಿಲೆ ನೋಡಾಕತ್ತೀನಿ. ಅದಕ್ಕಿಂತಾ ನಿನ್ನ ಮಾತು ಹೆಚ್ಚೇನು?”

ಸುಗಲಾ ಪರದೆಯ ಮೇಲೆ ಕಸ್ತೂರಿಯ ದೀಪವನ್ನು ನೋಡಿದಳು. ಆಮೇಲೆ ಹೇಳಿದಳು.

“ಆಯೀ, ನನ್ನ ತಂಗೀ ದೀಪಾನೂ ಹಸರಽ ಇತ್ತು. ಇವತ್ತ ಮುಂಜಾನಿ ಹೋದ್ಲು.”

ಆ ಕಡೆ ಒಳಗೆಲ್ಲೋ ಕೂಸು ಅಳುವುದು ಕೇಳಿಸಿತು. ತಿಪ್ಪವ್ವ ನರ್ಸಿಗೆ ಬಾಗಿಲು ತೆಗೆಯುವಂತೆ ಯಾರಿಗೋ ಹೇಳಿ, ಫೋನಿಗೆ ಮರಳಿ ಬಂದಳು.

“ಯಾವ ತುದಿ ಮೊದಲ ಹಿಡೀಲಿ, ಹೇಳವ್ವಾ.”

ಅವಳ ಮೊಮ್ಮಗಳು ಉಳಿದಳು. ನಲವತ್ತೊಂದರಲ್ಲಿ ಮೂವರು ಉಳಿಯಲಿಲ್ಲ. ಅವರ ಕರುಳು ಮೊದಲೇ ಕಪ್ಪಾಗಿತ್ತು. ಏಳು ಮಂದಿ ಇನಾಮದಾರರ ವಾರ್ಡಿಗೆ ಹೋದರು, ಕೆಲವರು ಇನ್ನು ಜೀವಮಾನವಿಡೀ ಹೋಗಬೇಕಾದವರು. ಮಿಕ್ಕವರ ಗೆರೆಗಳಲ್ಲಿ, ಒಂದರ ಹಿಂದೆ ಒಂದರಂತೆ, ಸಣ್ಣ ಅಲೆ ಎದ್ದಿತು. ಪರದೆಯಿಂದ ಕಸ್ತೂರಿಯ ದೀಪವನ್ನು ತೆಗೆಯಲು ವಹೀದಾ ಕೈಚಾಚಿ, ಸುಗಲಾಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಸುಗಲಾ ತಾನೇ ತೆಗೆದಳು.

*

ಹುನಗುಂದದವರು ಬರುವ ತನಕ, ಸುಗಲಾ ಬರುವ ತನಕ ಮಣ್ಣು ಮಾಡುವುದನ್ನು ತಡೆದಿದ್ದರು. ಅವಳು ಬಂದಾಗ ಹೊತ್ತು ಮುಳುಗುತ್ತಿತ್ತು. ಓಣಿಯವರು ದಾರಿ ಬಿಟ್ಟರು. ಕಸ್ತೂರಿಯ ಗಂಡ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಸಂಗವ್ವ ಅರಳೆಯ ಅಳ್ಳಟ್ಟೆಯಿಂದ ಕೂಸಿನ ಬಾಯಿಗೆ ಹಾಲು ಹನಿಸುತ್ತಿದ್ದಳು. ಹಾಲು ಬಾಯಿ ತಪ್ಪಿ ಕೂಸಿನ ಕುತ್ತಿಗೆಗೆ ಇಳಿಯುತ್ತಿತ್ತು.

ಅವರಿಬ್ಬರೂ ಮಾತಾಡಿದ್ದು ಮರುದಿನ, ಬಂದವರೆಲ್ಲ ಹೋದ ಮೇಲೆ. ಅಂಗಳದಲ್ಲಿ ಬಿಸಿಲು ಏರುತ್ತಿತ್ತು. ಪಕ್ಕದ ಮನೆಯ ಮಗ್ಗ ಒಂದು ದಿನ ಸುಮ್ಮನಿದ್ದದ್ದು ಮತ್ತೆ ಶುರುವಾಗಿತ್ತು. ಕೂಸು ಸುಗಲಾಳ ತೊಡೆಯ ಮೇಲೆ ಮಲಗಿತ್ತು.

“ನೀ ಬಿಚ್ಚಂದಿ, ಬಿಚ್ಚಿದೆ” ಎಂದಳು ಸಂಗವ್ವ. “ಬಿಚ್ಚದಽ ಇದ್ದಿದ್ರ ಉಳೀತಿದ್ಲೇನು?”

“ಇಲ್ಲವ್ವಾ. ಹಂಗಽ ಬಿಟ್ಟಿದ್ರೂ ಹೋಗತಿದ್ಲು.”

ಇದು ನಿಜವಾಗಿತ್ತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಸಂಗವ್ವನಿಗೆ ಇಷ್ಟರಲ್ಲೇ ಒಂದಿಷ್ಟು ನೆರಳು ಸಿಗುತ್ತಿತ್ತು. ಆದರೆ ಓಣಿಯ ಹೆಂಗಸರು ಆಗಲೇ ಹೊಳೆಯಾಚೆಯ ಸುದ್ದಿಯನ್ನು ಅವಳ ಕಿವಿಗೆ ಹಾಕಿದ್ದರು.

“ಮತ್ತ ಮಂದಿ ಮಕ್ಕಳು ಹೆಂಗ ಉಳಿದ್ರು?”

“ಸಾವಕಾಶ ಬಿಚ್ಚಿಸಿದೆ.”

“ನನಗ್ಯಾಕ ಹಂಗ ಹೇಳಲಿಲ್ಲ?”

ಸುಗಲಾಳಿಗೆ ಎಷ್ಟೋ ಉತ್ತರಗಳು ಹೊಳೆದವು. ವರ್ಷದ ಹಿಂದೆಯೇ ಇನಾಮದಾರರು ಕೇಳಿದ ಪ್ರಶ್ನೆ, ತಾನು ತೆಗೆದು ತೋರಿಸಿದ ಹಸಿರು ದಾಖಲೆಗಳು, ನಿನ್ನೆ ಬೆಳಿಗ್ಗೆ ಪರದೆ ಸರಿಸಿ ನೋಡಿದ ಕಾಲು. ಯಾವುದನ್ನೂ ಹೇಳಿ ಹಗುರಾಗುವ ಹಕ್ಕು ತನಗಿಲ್ಲ ಅನ್ನಿಸಿತು.

“ನನಗ ಗೊತ್ತಿರಲಿಲ್ಲವ್ವಾ. ನಿನಗ ಹೇಳಿದ ಮ್ಯಾಲ ಗೊತ್ತಾತು. ಕತ್ತರಿ ಹಾಕಂದಾಕಿ ನಾನು.”

ಸಂಗವ್ವ ಅಂಗಳದ ಕಲ್ಲಿನ ಮೇಲೆ ತನ್ನ ಎರಡೂ ಕೈಗಳನ್ನು ಮಗುಚಿ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು. ಕಡೆಗೆ, “ಹೆಂಗ ಬಿಚ್ಚಿಸಿದಿ, ಹೇಳು” ಎಂದಳು.

ಸುಗಲಾ ಹೇಳಿದಳು. ಹಿಂದಿನ ದಿನ ನಲವತ್ತೊಂದು ಮನೆಗಳಿಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಅದೇ ನಿಧಾನದಲ್ಲಿ ಹೇಳಿದಳು. ಮೊದಲು ಗಂಟು. ಗಂಟು ಬಿಚ್ಚಿ ತುದಿ ಕೈಯಲ್ಲಿ. ಒಂದು ಸುತ್ತು. ನಿಲ್ಲಬೇಕು. ಹೇಳುತ್ತಿದ್ದಂತೆ ಸಂಗವ್ವನ ಕೈಗಳು ಎದ್ದವು. ಬಲಗೈ ಇಲ್ಲದ ತುದಿಯನ್ನು ಹಿಡಿದುಕೊಂಡಿತು, ಎಡಗೈ ಇಲ್ಲದ ಬೆನ್ನನ್ನು ಎತ್ತಿಕೊಂಡಿತು. ಒಂದು ಸುತ್ತು ಬಿಚ್ಚಿ ನಿಂತಳು, ಬೆರಳಿಗೆ ತಿಳಿಯುವ ತನಕ ಕಾದಳು. ಇನ್ನೊಂದು ಸುತ್ತು. ಮತ್ತೆ ಕಾದಳು. ನಲವತ್ತು ವರ್ಷದ ಕೈ, ಒಂದು ಎಳೆಯೂ ಜಗ್ಗದಂತೆ, ಎಲ್ಲೂ ಅವಸರವಿಲ್ಲದೆ, ಗಾಳಿಯಲ್ಲಿ ಮಗಳ ಹೊಟ್ಟೆಯ ಕಟ್ಟನ್ನು ಪೂರ್ತಿ ಬಿಚ್ಚಿತು. ಎಲ್ಲರಿಗಿಂತ ಹೆಚ್ಚಿಗೆ ಸುತ್ತಿದ್ದ ಆ ಒಂದು ಸುತ್ತನ್ನೂ ಬಿಚ್ಚಿತು.

“ಇಷ್ಟಽ ಏನು?” ಎಂದಳು ಸಂಗವ್ವ.

“ಇಷ್ಟಽ ಅವ್ವಾ.”